ಅಂಗೈಯ ಮೇಲೆ ಸರಸ್ವತಿ

(ಶಿಕ್ಷಕರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)



ಬೆಳಗಿನ ಆರು ಗಂಟೆ. ಊರ ಮಠಕ್ಕೆ ಮೊದಲು ಬಂದ ಹುಡುಗನ ಅಂಗೈ ಮೇಲೆ 'ಸರಸ್ವತಿ' ಎಂದು ಬರೆಯುತ್ತಾರೆ. ಎರಡನೆಯವನ ಕೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತ ಹೋಗುತ್ತದೆ. (ಶಾಲೆಗೆ ಸದಾ ತಡವಾಗಿ ಹೋಗುತ್ತಿದ್ದ ನನಗೆ ಎಷ್ಟು ಬೀಳುತ್ತಿತ್ತೋ!) ಇದು ಕಟ್ಟುಕತೆಯಲ್ಲ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸಿಗೆ ಕಳಿಸಿದ ವರದಿಯಲ್ಲಿದೆ. ಆಗ ಆ ಜಿಲ್ಲೆಯಲ್ಲಿ ಇದ್ದದ್ದು 533 ಶಾಲೆ. ಅವುಗಳಲ್ಲಿ 235 ಕನ್ನಡದವು.

ನೀವು ಕೊಟ್ಟ ವಿಷಯ 'ಸಾಂಪ್ರದಾಯಿಕ ತರಗತಿ ಮತ್ತು ಫ್ಲಿಪ್ಡ್ ತರಗತಿ'. ಸಾಂಪ್ರದಾಯಿಕ ಎಂದೊಡನೆ ಕರಿಹಲಗೆಯ ಮುಂದೆ ಮೇಷ್ಟ್ರು, ಸಾಲಾಗಿ ಕೂತು ಕೇಳುವ ಮಕ್ಕಳು ಕಣ್ಣಿಗೆ ಬರುತ್ತಾರೆ. ಕ್ಯಾಂಪ್‌ಬೆಲ್ ಬಣ್ಣಿಸಿದ ಶಾಲೆ ಹಾಗಿರಲಿಲ್ಲ. ಚಿಕ್ಕವರು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುತ್ತಿದ್ದರು, ಅವರಿಗೆ ಕಲಿಸುವವರು ದೊಡ್ಡ ಹುಡುಗರು. ಇದರಿಂದ ಕಲಿಸಿದವನ ಕಲಿಕೆಯೂ ಗಟ್ಟಿಯಾಗುತ್ತದೆಂದು ಕಲೆಕ್ಟರು ಮೆಚ್ಚಿ ಬರೆದರು. ಅವರಿಗೂ ಮೊದಲೇ ಆಂಡ್ರೂ ಬೆಲ್ ಎಂಬ ಪಾದ್ರಿ ಮದರಾಸಿನಲ್ಲಿ ಈ ಮರಳ ಬರಹ ಕಂಡು ತಮ್ಮ ಅನಾಥಾಲಯಕ್ಕೆ ತಂದರು. ಅಲ್ಲಿನ ಮೇಷ್ಟ್ರುಗಳು ಒಲ್ಲೆನೆಂದಾಗ ಒಬ್ಬ ಹುಡುಗನಿಗೇ ಪಾಠ ವಹಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬಂತು. ಇಂಗ್ಲೆಂಡಿನಲ್ಲಿ ಅದು 'ಮದರಾಸು ಪದ್ಧತಿ'ಯಾಯಿತು.

ಹಾಗೆಂದು ಮಠವನ್ನು ಮೆರೆಸಬೇಕಿಲ್ಲ. ಗಿಳಿಪಾಠ ಮಾಡಿದ ಪದ್ಯಗಳ ಅರ್ಥ ಹುಡುಗನಿಗೂ ಗೊತ್ತಿಲ್ಲ, ಕಲಿಸಿದವರಿಗೂ ಗೊತ್ತಿಲ್ಲ ಎಂದು ಅದೇ ವರದಿ ದೂರುತ್ತದೆ.

ಇನ್ನು ಫ್ಲಿಪ್ಡ್ ತರಗತಿ. ಅಮೆರಿಕದ ಕೊಲರಾಡೊ ರಾಜ್ಯದ ವುಡ್‌ಲ್ಯಾಂಡ್ ಪಾರ್ಕ್ ಎಂಬ ಊರಿನಲ್ಲಿ ಜೋನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರದ ಮೇಷ್ಟ್ರುಗಳು. ಆಟೋಟಕ್ಕೆ ಹೋಗಿ ತರಗತಿ ತಪ್ಪಿದವರಿಗಾಗಿ 2007ರಲ್ಲಿ ಪಾಠಗಳನ್ನು ರೆಕಾರ್ಡ್ ಮಾಡತೊಡಗಿದರು. ಆಮೇಲೆ ಹೊಳೆಯಿತು: ಪಾಠವನ್ನು ಎಲ್ಲರೂ ಮನೆಯಲ್ಲೇ ನೋಡಲಿ, ಮನೆಗೆಲಸ ತರಗತಿಯಲ್ಲಿ ನಡೆಯಲಿ. ಲೆಕ್ಕ ಕೈಕೊಡುವುದು ಮನೆಯಲ್ಲಿ ಒಬ್ಬನೇ ಕೂತಾಗ. ಮೇಷ್ಟ್ರು ಬೇಕಾಗುವುದೂ ಆಗಲೇ ತಾನೆ? ನನ್ನ ಮಟ್ಟಿಗೆ ಇದರ ಜೀವ ವಿಡಿಯೊದಲ್ಲಿಲ್ಲ, ತರಗತಿಯಲ್ಲಿ ಉಳಿದ ಆ ನಲವತ್ತು ನಿಮಿಷದಲ್ಲಿದೆ. ಅಲ್ಲೂ ಭಾಷಣವೇ ಮುಂದುವರಿದರೆ ಮಕ್ಕಳಿಗೆ ಎರಡು ಭಾಷಣ, ಅಷ್ಟೆ.

ಆದರೆ ಮನೆ ಎಂಥದು? ಕ್ಯಾಂಪ್‌ಬೆಲ್ ಲೆಕ್ಕದಲ್ಲಿ ಸಾವಿರ ಜನಕ್ಕೆ ಏಳು ಮಕ್ಕಳೂ ಶಾಲೆಯಲ್ಲಿರಲಿಲ್ಲ. ವಿಲಾಯಿತಿ ಬಟ್ಟೆ ಬಂದು ಇಲ್ಲಿನ ನೇಯ್ಗೆ ಬಿದ್ದಿತ್ತು. ಬಡವರಿಗೆ ಮಗುವಿನ ದುಡಿಮೆಯೂ ಬೇಕಿತ್ತು. ಮೊದಲು ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಎಂದೂ ಅವರು ಬರೆದರು. ಕೊರೊನಾದ 2020ರಲ್ಲಿ ಚಂದನ ವಾಹಿನಿಯಲ್ಲಿ ಪಾಠ ಬಂತು. ಆದರೂ 'ವಿದ್ಯಾಗಮ' ಎಂದು ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಜಗಲಿ, ಮರದ ನೆರಳಲ್ಲಿ ಕೂರಬೇಕಾಯಿತು. ಮನೆಯ ಒಂದೇ ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋದರೆ ಮಗಳ ಪಾಠವೂ ಅದರ ಜೊತೆಗೇ ಹೋಗುತ್ತದೆ.

ಅದಕ್ಕೆ ನನ್ನದೊಂದು ಸಲಹೆ. ವಿಡಿಯೊ ಶಾಲೆಯಲ್ಲೇ ತೋರಿಸಿ, ಬೇಕಾದರೆ ದೊಡ್ಡ ಮಕ್ಕಳ ಉಸ್ತುವಾರಿಯಲ್ಲಿ. ಮುಂದಿನ ಪೀರಿಯಡ್ಡಿಗೆ ನೀವು ಹೋಗಿ, ಲೆಕ್ಕ ಬಿಡಿಸುವಾಗ ಪಕ್ಕದಲ್ಲಿರಿ. ಮನೆಯಲ್ಲೇ ನೋಡಲಿ ಎನ್ನುವುದಾದರೆ ನಾಳೆ ಹಾಜರಿ ಕರೆಯುವಾಗ ಒಂದು ಮಾತು ಕೇಳಿ: ಸಂಜೆ ಏಳರ ನಂತರ ಯಾರ ಮನೆಯಲ್ಲಿ ಫೋನು ಕೈಗೆ ಸಿಗುತ್ತದೆ?