ಕುರ್ಚಿಗಿಂತ ದೊಡ್ಡದು: ಡಾ. ವಿ.ಕೆ.ಆರ್.ವಿ. ರಾವ್ ಅವರ ಒಂದು ವಿಚಾರ



ಕಾರವಾರ ಮತ್ತು ಅಂಕೋಲಾಗಳ ನಡುವೆ, ಕಡಲಂಚಿನಲ್ಲಿ ಹಾರವಾಡ ಎಂಬ ಊರಿದೆ. ಕೊಂಕಣ ರೈಲಿನಲ್ಲಿ ಓಡಾಡುವವರಿಗೆ ಅದೊಂದು ಸಣ್ಣ ನಿಲ್ದಾಣ. ಅರ್ಥಶಾಸ್ತ್ರದ ಒಂದು ಕಠಿಣ ಪ್ರಶ್ನೆಯನ್ನು ತಿಳಿಯಲು ಈ ದಿನ ನಾವು ಅಲ್ಲಿಂದಲೇ ಹೊರಡೋಣ.

ಇಂಥ ಊರೊಂದಕ್ಕೆ ಹೊರಗಿನಿಂದ ಒಂದಿಷ್ಟು ಹಣ ಬಂದಿತೆಂದು ಭಾವಿಸಿ. ಎಲ್ಲರ ಕೈಯಲ್ಲೂ ನಾಲ್ಕು ಕಾಸು ಹೆಚ್ಚಾಗಿ ಓಡಾಡುತ್ತದೆ. ಎಲ್ಲರೂ ಬಂಗಡೆ ಕೊಳ್ಳಲು ಬರುತ್ತಾರೆ. ಆದರೆ ದೋಣಿಗಳು ಮೊದಲಿನಷ್ಟೇ, ಬಲೆಗಳು ಮೊದಲಿನವೇ, ಮೀನು ಕೆಡದಂತೆ ಇಡುವ ಮಂಜುಗಡ್ಡೆಯೂ ಮೊದಲಿನಷ್ಟೇ. ಆಗ ಬುಟ್ಟಿಯಲ್ಲಿ ಮೀನು ಹೆಚ್ಚುವುದಿಲ್ಲ, ಮೀನಿನ ಬೆಲೆ ಹೆಚ್ಚುತ್ತದೆ. ಹಣ ಬಂದಿತು, ಊರು ಬೆಳೆಯಲಿಲ್ಲ.

ಇಂಗ್ಲೆಂಡಿನ ಕೇನ್ಸ್ ಅವರ ಪ್ರಸಿದ್ಧ ಗುಣಕ ಸಿದ್ಧಾಂತದ ಪ್ರಕಾರ, ಹೊಸದಾಗಿ ಹೂಡಿದ ಒಂದು ರೂಪಾಯಿ ಕೈಯಿಂದ ಕೈಗೆ ಹೋಗುತ್ತ ಹಲವು ರೂಪಾಯಿಗಳ ಆದಾಯವಾಗುತ್ತದೆ. ಯಂತ್ರಗಳೂ ಕಾರ್ಮಿಕರೂ ಕೆಲಸವಿಲ್ಲದೆ ಕುಳಿತಿರುವ ಸಿರಿವಂತ ದೇಶಕ್ಕೆ ಈ ಮಾತು ಸರಿ. ಯಂತ್ರವೇ ಇಲ್ಲದ ಬಡ ದೇಶಕ್ಕೆ? ಅಲ್ಲಿ ಅದು ಹಾಗೆಯೇ ನಡೆಯದು ಎಂದು 1952ರಲ್ಲಿ ಒಂದು ಲೇಖನದಲ್ಲಿ ವಾದಿಸಿದವರು ಡಾ. ವಿ.ಕೆ.ಆರ್.ವಿ. ರಾವ್. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು, ಕೇಂದ್ರದಲ್ಲಿ ಸಾರಿಗೆ ಮತ್ತು ಶಿಕ್ಷಣ ಖಾತೆಗಳ ಸಚಿವರಾಗಿದ್ದವರು, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆಯನ್ನು ಕಟ್ಟಿದವರು ಇವರೇ.

ರಾವ್ ಅವರು 1908ರಲ್ಲಿ ಕಾಂಚೀಪುರದಲ್ಲಿ ಜನಿಸಿದರು. ಮುಂಬಯಿಯಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ, ಭಾರತದ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕುವ ಕೆಲಸಕ್ಕೆ ಕೈಹಾಕಿದರು. ಅವರ ಅಂದಾಜಿನಂತೆ 1931-32ರಲ್ಲಿ ಬ್ರಿಟಿಷ್ ಭಾರತದ ತಲಾ ಆದಾಯ ವರ್ಷಕ್ಕೆ 62 ರೂಪಾಯಿ. ಅಂದರೆ ತಿಂಗಳಿಗೆ ಐದು ರೂಪಾಯಿಗಿಂತ ತುಸು ಹೆಚ್ಚು. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಅವರಲ್ಲಿ ಮೊದಲು ಹಿಡಿಸಿದ್ದು ಅಳತೆಯ ಈ ಹಟ. ಬಡತನವಿದೆ ಎಂದು ಮರುಗುವುದು ಸುಲಭ, ಎಷ್ಟಿದೆ ಎಂದು ಹೇಳುವುದು ಕಷ್ಟ.

ಎರಡನೆಯ ಮಹಾಯುದ್ಧದ ನಂತರ ವಿಶ್ವಸಂಸ್ಥೆಯು ಆರ್ಥಿಕ ಅಭಿವೃದ್ಧಿಗಾಗಿ ಒಂದು ಉಪ ಆಯೋಗವನ್ನು ರಚಿಸಿತು. ಅದರ ಅಧ್ಯಕ್ಷರಾದವರು ರಾವ್. ಆ ಹೊತ್ತಿಗೆ ವಿಶ್ವಬ್ಯಾಂಕ್ ಆಗಲೇ ಇತ್ತು. ಆದರೆ ಅದು ಬಡ್ಡಿಗೆ ಸಾಲ ಕೊಡುವ ಸಂಸ್ಥೆ. ಕೊಟ್ಟ ಹಣ ಗೊತ್ತಾದ ಅವಧಿಯಲ್ಲಿ ಹಿಂದಿರುಗಬೇಕು. ವಿದ್ಯುತ್ ಕೇಂದ್ರವೊಂದು ಕರೆಂಟು ಮಾರಿ ಸಾಲ ತೀರಿಸಬಹುದು. ಹಳ್ಳಿಯ ಶಾಲೆ ಏನನ್ನು ಮಾರಬೇಕು? ಕುಡಿಯುವ ನೀರಿನ ಬಾವಿ ಬಡ್ಡಿಯನ್ನು ಎಲ್ಲಿಂದ ತರಬೇಕು? ಆದರೂ ಶಾಲೆಯಿಲ್ಲದೆ, ನೀರಿಲ್ಲದೆ ದೇಶ ಬೆಳೆಯದು.

ಆದ್ದರಿಂದ 1949ರಲ್ಲಿ ರಾವ್ ಒಂದು ಪ್ರಸ್ತಾವವನ್ನು ಮುಂದಿಟ್ಟರು. ಕಟ್ಟುನಿಟ್ಟಿನ ವ್ಯಾಪಾರದ ಷರತ್ತಿಗೆ ಒಗ್ಗದ ಇಂಥ ಕೆಲಸಗಳಿಗೆ ಹಣ ಒದಗಿಸಲು ವಿಶ್ವಸಂಸ್ಥೆಯ ಅಡಿಯಲ್ಲೇ ಪ್ರತ್ಯೇಕ ಆಡಳಿತವೊಂದು ಬೇಕು ಎಂಬುದೇ ಆ ಪ್ರಸ್ತಾವ. ಉಪ ಆಯೋಗವೇ ಅದನ್ನು ತನ್ನದೆಂದು ಒಪ್ಪಲಿಲ್ಲ. ಅದು ಅಧ್ಯಕ್ಷರ ಸ್ವಂತ ಅಭಿಪ್ರಾಯವಾಗಿ ವರದಿಯ ಅನುಬಂಧದಲ್ಲಿ ಉಳಿಯಿತು. ಅಮೆರಿಕ ವಿರೋಧಿಸಿತು, ವಿಶ್ವಬ್ಯಾಂಕೂ ವಿರೋಧಿಸಿತು.

ಆದರೆ ವಿಚಾರ ಸಾಯಲಿಲ್ಲ. ಬಡ ರಾಷ್ಟ್ರಗಳು ಹತ್ತು ವರ್ಷ ಅದನ್ನೇ ಹಿಡಿದು ಕೇಳಿದವು. ನಡುವೆ ಹೆಸರಿನದೂ ಒಂದು ತಮಾಷೆ ನಡೆಯಿತು. ಹೊಸ ನಿಧಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಅನ್‌ಫೆಡ್’ ಎಂದಾಗುತ್ತಿತ್ತು. ಅಂದರೆ ಉಣಿಸದ, ಹೊಟ್ಟೆಗಿಲ್ಲದ ಎಂದರ್ಥ! ಮುಂದೆ ‘ಸ್ಪೆಷಲ್’ ಎಂಬ ಪದವನ್ನು ಸೇರಿಸಿ ಅದನ್ನು ‘ಸನ್‌ಫೆಡ್’ ಮಾಡಿದರು.

ಕೊನೆಗೆ ಫಲ ಎರಡು ಕವಲಾಗಿ ಬಂದಿತು. 1959ರಲ್ಲಿ ವಿಶ್ವಸಂಸ್ಥೆಯ ವಿಶೇಷ ನಿಧಿ ಕೆಲಸ ಆರಂಭಿಸಿತು. ಅದೇ ಮುಂದೆ ತಾಂತ್ರಿಕ ನೆರವಿನ ಕಾರ್ಯಕ್ರಮದೊಡನೆ ಸೇರಿ ಯುಎನ್‌ಡಿಪಿ ಆಯಿತು. 1960ರಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ, ಅಂದರೆ ಐಡಿಎ, ಸ್ಥಾಪನೆಯಾಯಿತು. ಅದರ ಆರಂಭದ ಸಾಲದ ಷರತ್ತು ನೋಡಿ: 50 ವರ್ಷಗಳ ಅವಧಿ, ಮೊದಲ 10 ವರ್ಷ ಅಸಲು ಕಟ್ಟಬೇಕಿಲ್ಲ, ಬಡ್ಡಿ ಇಲ್ಲ, ಶೇಕಡಾ 0.75ರ ಸೇವಾಶುಲ್ಕ ಮಾತ್ರ.

ಇದು ರಾವ್ ಅವರ ಪೂರ್ಣ ಗೆಲುವೆ? ಅಲ್ಲ. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ದೇಶಕ್ಕೊಂದು ಮತ. ಐಡಿಎ ಸೇರಿದ್ದು ವಿಶ್ವಬ್ಯಾಂಕಿಗೆ. ಅಲ್ಲಿ ಹೆಚ್ಚು ಹಣ ಕೊಟ್ಟವರ ಮಾತಿಗೆ ಹೆಚ್ಚು ತೂಕ. ಹಣ ಸಿಕ್ಕಿತು, ನಿರ್ಧಾರದ ಅಧಿಕಾರ ಸಿಗಲಿಲ್ಲ. ಈ ಚರ್ಚೆ ಇಂದಿಗೂ ಮುಗಿದಿಲ್ಲ.

ರಾವ್ ಅವರು ಈ ಸಂಸ್ಥೆಗಳಲ್ಲಿ ಯಾವುದರ ಮುಖ್ಯಸ್ಥರೂ ಆಗಲಿಲ್ಲ. ವಿಶೇಷ ನಿಧಿಯ ಹೊಣೆ ಅಮೆರಿಕದ ಪಾಲ್ ಹಾಫ್‌ಮನ್ ಅವರಿಗೆ ಹೋಯಿತು. ರಾವ್ ಬೇರೆ ಬಗೆಯಲ್ಲಿ ಕಟ್ಟುತ್ತ ಹೋದರು. ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್, ದೆಹಲಿಯ ಆರ್ಥಿಕ ಬೆಳವಣಿಗೆ ಸಂಸ್ಥೆ, ಕೊನೆಗೆ ನಮ್ಮ ಐಸೆಕ್: ಮೂರೂ ಅವರು ಕಟ್ಟಿದವು. 1974ರಲ್ಲಿ ಪದ್ಮವಿಭೂಷಣ ಬಂದಿತು. 1991ರಲ್ಲಿ ಅವರು ತೀರಿಕೊಂಡರು.

ಈಗ ಮತ್ತೆ ಕರಾವಳಿಗೆ ಬರೋಣ. 2001ರ ಡಿಸೆಂಬರಿನಲ್ಲಿ ಐಡಿಎ ಕರ್ನಾಟಕದ ಒಂದು ಯೋಜನೆಗೆ ಮಂಜೂರಾತಿ ನೀಡಿತು. ಅದರ ಹೆಸರು ಜಲನಿರ್ಮಲ. ಹಳ್ಳಿಗಳಿಗೆ ಕುಡಿಯುವ ನೀರು ಮತ್ತು ನೈರ್ಮಲ್ಯ ಒದಗಿಸುವ ಆ ಯೋಜನೆಗೆ ಆಯ್ದ 11 ಜಿಲ್ಲೆಗಳಲ್ಲಿ ಉತ್ತರ ಕನ್ನಡವೂ ಒಂದು. 1949ರಲ್ಲಿ ಅನುಬಂಧಕ್ಕೆ ಸರಿಸಿದ ವಿಚಾರವೊಂದು ಅರ್ಧ ಶತಮಾನದ ಮೇಲೆ ನೀರಿನ ಯೋಜನೆಯಾಗಿ ಈ ಜಿಲ್ಲೆಗೆ ಬಂದಿತು. ಮುಂದೆ 2014ರಲ್ಲಿ ಭಾರತವೇ ಇಂಥ ಸಾಲದ ಅರ್ಹತೆಯ ಮಿತಿಯನ್ನು ದಾಟಿತು.

ಮಿತ್ರರೆ, ನಿಮ್ಮೂರಿನ ನಲ್ಲಿ, ಶಾಲೆ, ರಸ್ತೆಗಳ ಮುಂದೆ ಒಮ್ಮೆ ನಿಂತು ಮೂರು ಪ್ರಶ್ನೆ ಕೇಳಿ. ಹಣ ಯಾರದು? ಷರತ್ತು ಏನು? ನಿರ್ಧರಿಸಿದವರು ಯಾರು? ಉತ್ತರಗಳನ್ನು ಅಂಕಿ-ಅಂಶಗಳ ಸಹಿತ ಬರೆದಿಡಿ. ರಾವ್ ಅವರ ದೊಡ್ಡ ಕೆಲಸ ಆರಂಭವಾದದ್ದೂ ಇಂಥ ಲೆಕ್ಕದಿಂದಲೇ.