ಬಳ್ಳಾರಿಯ ಬಯಲಿನಲ್ಲಿ ವಸಂತದ ಒಂದು ದಿನ



ಹೂವು, ಹಕ್ಕಿ, ಚಿಟ್ಟೆ ಎಂದೊಡನೆ ಮಲೆನಾಡಿಗರ ಕಣ್ಣು ಘಟ್ಟದ ಕಡೆಗೋ ಕರಾವಳಿಯ ಕಡೆಗೋ ಹೊರಳುತ್ತದೆ. ಬಳ್ಳಾರಿಯೆಂದರೆ ಗಣಿಯ ಕೆಂಧೂಳು, ಬಿರುಬಿಸಿಲು ಮಾತ್ರ ನೆನಪಾಗುತ್ತದೆ. ಯುಗಾದಿಗೆ ಮುಂಚಿನ ಒಂದು ದಿನವನ್ನು ಆ ಸೀಮೆಯಲ್ಲಿ ಕಳೆದವರು ಹಾಗೆನ್ನಲಾರರು. ಅಲ್ಲಿ ಕಡಲಿಲ್ಲ, ನಿಜ. ಸಿರುಗುಪ್ಪದ ಬಳಿ ತುಂಗಭದ್ರೆಯ ದಡವುಂಟು.

ಬೆಳಗು ಕುರುಗೋಡಿನಲ್ಲಾಗಲಿ. ಹೊತ್ತೇರಿದರೆ ಬಂಡೆ ಕಾಯುತ್ತದೆ, ಹಕ್ಕಿ ಅಡಗುತ್ತದೆ. ಒಣ ಕಲ್ಲುಗುಡ್ಡಗಳ ವಸಂತದ ಹೂವೆಂದರೆ ಅರಿಶಿನ ಬೂರುಗ. ಎಲೆಯೆಲ್ಲ ಉದುರಿದ ಬೋಳು ಕೊಂಬೆಯ ತುದಿಯಲ್ಲಿ ಅಂಗೈಯಗಲದ ಹಳದಿ ಹೂ ಅರಳುತ್ತದೆ. ಇಂಥ ಬಂಡೆಸಂದಿನ ಕುರುಚಲಿನಲ್ಲಿಯೇ ಹಳದಿ ಕೊರಳಿನ ಪಿಕಳಾರದ ವಾಸ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಈ ಪಕ್ಷಿಯನ್ನರಸಿ ಹಂಪಿ, ದರೋಜಿಗಳಿಗೆ ದೂರದಿಂದ ಜನ ಬರುತ್ತಾರೆ. ಗುಡ್ಡವನ್ನು ಜಲ್ಲಿಯಾಗಿ ಒಡೆದರೆ ಅದು ಹೋಗುವುದೆಲ್ಲಿಗೆ?

ಬಳ್ಳಾರಿ ನಗರದಲ್ಲಿ ಕೋಟೆಗುಡ್ಡದ ಬುಡದ ಒಂದು ಎಕ್ಕದ ಗಿಡ ಸಾಕು. ಕಿತ್ತಳೆ ಬಣ್ಣದ ಚಿಟ್ಟೆಯೊಂದು ಅದರ ಎಲೆಗೆ ಮೊಟ್ಟೆಯಿಡುತ್ತದೆ. ಮರಿಹುಳು ವಿಷದ ಹಾಲನ್ನೇ ಉಂಡು ಬೆಳೆಯುವುದರಿಂದ ಹಕ್ಕಿಗಳು ಆ ಚಿಟ್ಟೆಯನ್ನು ಮುಟ್ಟುವುದಿಲ್ಲ. ಇದನ್ನು ಕಂಡ ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ ಅದರಂತೆಯೇ ವೇಷ ತೊಟ್ಟಿದೆ, ವಿಷವಿಲ್ಲದೆಯೇ! ಬಯಲಾಟದ ನಾಡಿಗೆ ತಕ್ಕ ಚಿಟ್ಟೆ.

ಸಿರುಗುಪ್ಪಕ್ಕೆ ಮಾತ್ರ ಹೆಚ್ಚು ಹೊತ್ತು ಬೇಕು. ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ. ಅದರಾಚೆ ಮಳೆಯನ್ನೇ ನಂಬಿದ ಎರೆಭೂಮಿ, ಹುಲ್ಲುಬಯಲು. ಕರ್ನಾಟಕದಲ್ಲಿ ಎರೆಭೂತ ಹಕ್ಕಿಯ ಕೊನೆಯ ನೆಲೆ ಇದೇ. ಎರ್ಲಡ್ಡು ಎಂದೂ ಇದಕ್ಕೆ ಹೆಸರು. ಗಂಡು ಸುಮಾರು ಒಂದು ಮೀಟರ್ ಎತ್ತರ, ಹದಿನೈದು ಕಿಲೋಗ್ರಾಂವರೆಗೆ ತೂಕ. ಹೆಣ್ಣು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ನೇರ ಮುಂದಿನದು ಸರಿಯಾಗಿ ಕಾಣದ ಕಾರಣ ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. 2011ರಲ್ಲಿ ಅಳಿವಿನ ಅತಿ ಸಮೀಪದ ಪಟ್ಟಿಗೆ ಸೇರಿದ ಈ ಜಾತಿಯಲ್ಲಿ ಈಗ ಬಯಲಿನಲ್ಲಿ ಉಳಿದಿರುವವು ಇನ್ನೂರಕ್ಕಿಂತ ಕಡಿಮೆ.

ಇಲ್ಲಿ ಪರಿಸರಪ್ರಿಯರೂ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮರವಿಲ್ಲದ ನೆಲವೆಲ್ಲ ಬಂಜರು, ಅಲ್ಲಿ ಸಸಿ ನೆಡುವುದೇ ಪುಣ್ಯ ಎಂಬ ಭಾವನೆ ಮಲೆನಾಡಿನಲ್ಲಿ ಬೆಳೆದವರಿಗೆ ಸಹಜ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವಾಯಿತು. ಕೃಷ್ಣಮೃಗದ ಜೊತೆಗೆ ಎರೆಭೂತವೂ ಅಲ್ಲಿತ್ತು. ಬಯಲಿನ ಬಹುಭಾಗವನ್ನು ನೀಲಗಿರಿ ತೋಪು ಆವರಿಸಿತು. ಕೃಷ್ಣಮೃಗ ಉಳಿಯಿತು, ಎರೆಭೂತ ಕಾಣೆಯಾಯಿತು. ಸಿರುಗುಪ್ಪದ ಹುಲ್ಲುಬಯಲನ್ನು ಸರ್ಕಾರಿ ಕಡತ ಏನೆಂದು ಕರೆಯುತ್ತದೆ ಎಂಬುದು ಆದ್ದರಿಂದ ಬರಿಯ ಪದದ ಪ್ರಶ್ನೆಯಲ್ಲ. ಆ ನೆಲವನ್ನು ಕುರಿಗಾಹಿಗಳು ಎಂದೂ ಬಂಜರೆಂದು ಬಗೆದವರಲ್ಲ.

ಹೋಗುವ ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ಎರೆಭೂತವನ್ನು ಬೆನ್ನಟ್ಟಬೇಡಿ, ಬಂಡಿಜಾಡು ಬಿಟ್ಟು ಹೊಲಕ್ಕಿಳಿಯಬೇಡಿ. ಅಕಸ್ಮಾತ್ ಕಂಡರೆ ದೂರದಲ್ಲಿಯೇ ನಿಲ್ಲಿ, ಜಾಗವನ್ನು ಊರಿಗೆಲ್ಲ ಸಾರದೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಕಾಣದಿದ್ದರೆ ಸಂಜೆ ನದಿಯ ದಡಕ್ಕೆ ಬನ್ನಿ. ಮಣ್ಣಿನ ದರೆಯ ಬಿಲಗಳಿಂದ ಕಳ್ಳಿಪೀರಗಳು ಹಾರಿ ಬಂದು ನೀರಿನ ಮೇಲೆ ಹುಳು ಹಿಡಿಯುತ್ತಿರುತ್ತವೆ.