ಬಿಡುಗಡೆಯ ಕಾಗದವೂ ಕೂಸಿನ ಹಿತವೂ



ದತ್ತಿ ಉಪನ್ಯಾಸದ ವೇದಿಕೆಯಿಂದ ಕಾವ್ಯವನ್ನೋ ಶಿಲಾಲಿಪಿಯನ್ನೋ ಕುರಿತು ಮಾತನಾಡುವುದು ರೂಢಿಯಾಗಿರುವಾಗ, ವಿವಾಹವಿಚ್ಛೇದನದಂಥ ಅಪ್ರಿಯ ವಿಷಯವನ್ನೆತ್ತಿಕೊಳ್ಳುವುದು ಕೆಲವರಿಗೆ ಅನುಚಿತವಾಗಿ ತೋರಬಹುದು. ಆದರೆ ಈ ಕಾನೂನಿನ ಚರಿತ್ರೆಯಲ್ಲಿ ನಮ್ಮ ಸೀಮೆಗೆ ಸಲ್ಲುವ ವಿಶಿಷ್ಟ ಸ್ಥಾನವನ್ನು ನಾವೇ ಮರೆತಿರುವೆವಾದುದರಿಂದ, ಆ ಆಕ್ಷೇಪಣೆಗೆ ತಲೆಬಾಗಿಯೇ ಆರಂಭಿಸುತ್ತೇನೆ.

ನಮ್ಮ ಹಿರೇಕೆರೂರು ತಾಲ್ಲೂಕು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ದಕ್ಷಿಣಕ್ಕೆ ಗಡಿ ದಾಟಿದೊಡನೆ ಶಿಕಾರಿಪುರ, ಅಂದರೆ ಮೈಸೂರು ಸೀಮೆ. ಮುಂಬಯಿ ಪ್ರಾಂತವು 1946ರಲ್ಲಿ ಹಿಂದೂಗಳ ದ್ವಿಪತ್ನೀತ್ವವನ್ನು ನಿಷೇಧಿಸಿ, ಮರುವರ್ಷವೇ ಹಿಂದೂ ವಿಚ್ಛೇದನದ ಶಾಸನವನ್ನು ಮಾಡಿದುದರಿಂದ, ದೇಶಕ್ಕೆಲ್ಲ 1955ರಲ್ಲಿ ಒದಗಿದ ಪರಿಹಾರವು ಗಡಿಯ ಈಚೆಯವರಿಗೆ ಎಂಟು ವರ್ಷ ಮುಂಚಿತವಾಗಿಯೇ ಲಭಿಸಿದ್ದಿತು. 1955ರ ಕಾಯಿದೆಯು ತಾನು ರದ್ದುಗೊಳಿಸಿದ ಪ್ರಾಂತೀಯ ಶಾಸನಗಳನ್ನು ಹೇಳುವಾಗ ಮುಂಬಯಿ, ಮದರಾಸು, ಸೌರಾಷ್ಟ್ರಗಳನ್ನು ಹೆಸರಿಸುತ್ತದೆಯೇ ಹೊರತು ಮೈಸೂರನ್ನಲ್ಲ. ಬೀಗತನವಾದರೋ ಈ ಗಡಿಯನ್ನು ಎಂದೂ ಲೆಕ್ಕಿಸಿದ್ದಿಲ್ಲ.

ಶಾಸನಕ್ಕೆ ಮೊದಲು ಬಿಡುಗಡೆಯೇ ಇರಲಿಲ್ಲವೆಂದು ಭಾವಿಸಬಾರದು. ಅನೇಕ ಒಕ್ಕಲು ಹಾಗೂ ಕಸುಬಿನ ಜಾತಿಗಳಲ್ಲಿ ಪಂಚರ ಮುಂದೆ ಸೋಡಚೀಟಿಯನ್ನು, ಎಂದರೆ ಬಿಡುಗಡೆಯ ಕಾಗದವನ್ನು, ಬರೆದುಕೊಡುವ, ಬಳಿಕ ಆ ಹೆಣ್ಣು ಉಡಿಕೆಯೆಂಬ ಮರುಮದುವೆಯಾಗಿ ಮತ್ತೊಂದು ಮನೆ ಸೇರುವ ವಾಡಿಕೆ ಬಲವಾಗಿದ್ದಿತು. ಶಾಸ್ತ್ರವನ್ನು ಹೆಚ್ಚಾಗಿ ಓದಿದ ಮನೆತನಗಳ ಹೆಣ್ಣುಮಕ್ಕಳಿಗೇ ಈ ಬಾಗಿಲು ಮುಚ್ಚಿದ್ದಿತೆಂಬುದು ನಮ್ಮ ಸಂಸ್ಕೃತಿಯ ಅಭಿಮಾನಿಗಳು ಒಂದಿಷ್ಟು ಯೋಚಿಸತಕ್ಕ ಸಂಗತಿ.

1947ರ ಆ ಶಾಸನದನ್ವಯ ಬಂದ ಮೊಕದ್ದಮೆಯೊಂದು ಮುಂಬಯಿಯಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1956ರ ಅಕ್ಟೋಬರಿನಲ್ಲಿ, ಎಂದರೆ ನಾವು ಮೈಸೂರು ರಾಜ್ಯಕ್ಕೆ ಸೇರುವುದಕ್ಕೆ ಕೆಲವೇ ದಿನ ಮುಂಚೆ, ತೀರ್ಮಾನವಾಯಿತು. ಹೆಂಡತಿ ತವರು ಸೇರಿ ನಾಲ್ಕು ವರ್ಷ ಮೀರಿತೆಂದೂ ತನ್ನನ್ನು ಪರಿತ್ಯಜಿಸಿದಳೆಂದೂ ಗಂಡನ ಫಿರ್ಯಾದಿ. ಆಕೆಯನ್ನು ಕಳಿಸಕೂಡದೆಂದು ಮಾವನಿಗೆ ತಂತಿ ಹೊಡೆದವನಾದರೋ ಆತನೇ! ದೂರವಿದ್ದ ಮಾತ್ರಕ್ಕೆ ಪರಿತ್ಯಾಗವಾಗದು, ಸಂಸಾರವನ್ನು ಶಾಶ್ವತವಾಗಿ ಮುಗಿಸುವ ಸಂಕಲ್ಪವೂ ಅದರೊಂದಿಗೆ ಕೂಡಿರಬೇಕು ಎಂದು ನಿರ್ಣಯಿಸಿದ ನ್ಯಾಯಾಲಯವು ಗಂಡನ ಬೇಡಿಕೆಯನ್ನು ತಿರಸ್ಕರಿಸಿತು. ಮುನಿಸಿಕೊಂಡೋ, ಬಾಣಂತನಕ್ಕೆಂದೋ ತವರಿಗೆ ಬಂದವಳು ಕರೆಯುವವರಿಲ್ಲದೆ ಅಲ್ಲಿಯೇ ಉಳಿದುಹೋಗುವುದು ನಮ್ಮೂರುಗಳಲ್ಲಿ ಅಪರೂಪವಲ್ಲವಾದುದರಿಂದ, ‘ಅಕಿನ ಬಿಟ್ಟು ಹೋಗ್ಯಾಳ’ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ತಂತಿಯ ನೆನಪಾಗುವುದು.

ಈಗಿನ ವಿಧಿಗಳನ್ನು ಬೇಗನೆ ಹೇಳಿಬಿಡುವೆ. ಕ್ರೌರ್ಯ, ಎರಡು ವರ್ಷದ ಪರಿತ್ಯಾಗ, ವ್ಯಭಿಚಾರ ಮೊದಲಾದ ಕಾರಣಗಳು 1955ರ ಕಾಯಿದೆಯ 13ನೆಯ ಕಲಮಿನಲ್ಲಿವೆ; ಉಭಯರೂ ಒಪ್ಪಿ ಬೇರೆಯಾಗುವ ಮಾರ್ಗವು 1976ರಲ್ಲಿ ಸೇರಿತು. ಅದಕ್ಕೆ ಒಂದು ವರ್ಷ ಪ್ರತ್ಯೇಕವಾಗಿದ್ದಿರಬೇಕು. ಅರ್ಜಿ ಕೊಟ್ಟ ಮೇಲೆ ಕಾಯಬೇಕಾದ ಆರು ತಿಂಗಳನ್ನು ಯುಕ್ತ ಸಂದರ್ಭದಲ್ಲಿ ಮನ್ನಿಸಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಸೋಡಚೀಟಿಯ ಗತಿಯೇನೆಂದು ಕೇಳುವವರಿಗೆ: ಸಂಪ್ರದಾಯಸಿದ್ಧವಾದ ಬಿಡುಗಡೆಯನ್ನು 29ನೆಯ ಕಲಮು ಇಂದಿಗೂ ಉಳಿಸಿಕೊಂಡಿದೆ. ಆದರೆ ಅಂಥ ಸಂಪ್ರದಾಯವು ತಮ್ಮಲ್ಲಿ ಉಂಟೆಂಬುದನ್ನು ಹೇಳಿಕೊಂಡವರೇ ಸಾಕ್ಷ್ಯದಿಂದ ಸಿದ್ಧಪಡಿಸತಕ್ಕದ್ದೆಂದು 2002ರಲ್ಲಿ ತೀರ್ಪಾಗಿದೆಯಾಗಿ, ವಾಡಿಕೆಯೇ ಇಲ್ಲದ ಮನೆತನದವರು ಛಾಪಾ ಕಾಗದದ ಮೇಲೆ ಹತ್ತು ಜನರ ಸಹಿ ಹಾಕಿಸಿದರೂ ಮದುವೆ ಮುರಿಯುವುದಿಲ್ಲ. ಅದನ್ನು ನಂಬಿ ಮರುಮದುವೆಯಾದವರು ದ್ವಿವಿವಾಹದ ಅಪರಾಧಕ್ಕೆ ಗುರಿಯಾದಾರು.

ನಾನು ಮುಖ್ಯವಾಗಿ ಹೇಳಬಂದುದು ಆ ಕಾಗದದ ಕೊನೆಯ ಸಾಲನ್ನು ಕುರಿತು. ಕೊಟ್ಟ ಬಂಗಾರವೆಷ್ಟು, ಮರಳಿಸಿದ ಪಾತ್ರೆಗಳೆಷ್ಟು ಎಂಬುದೆಲ್ಲ ಮುಗಿದ ಮೇಲೆ, ‘ಕೂಸು ತಾಯಿಯ ಹತ್ತಿರ ಇರತಕ್ಕದ್ದು, ಮುಂದೆ ಯಾರದೂ ತಕರಾರು ಇಲ್ಲ’ ಎಂದೋ, ತದ್ವಿರುದ್ಧವಾಗಿಯೋ ಒಂದು ಸಾಲನ್ನು ಬರೆದು ಪಂಚರು ಏಳುತ್ತಾರೆ. ದಂಪತಿಗಳು ತಮ್ಮ ಋಣವನ್ನು ಹರಿದುಕೊಳ್ಳಬಲ್ಲರು. ಕೂಸಿನ ಪರವಾಗಿ ಅದರ ಹಕ್ಕನ್ನು ಬಿಟ್ಟುಕೊಡಲು ಅವರು ಯಾರು? 1890ರ ಪಾಲಕರ ಕಾಯಿದೆಯೂ 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆಯೂ ಮಗುವಿನ ಕ್ಷೇಮವನ್ನೇ ಮುಂದಿಟ್ಟಿವೆ. ಎರಡನೆಯದರ 13ನೆಯ ಕಲಮು ಅದನ್ನು ಪರಮಪ್ರಧಾನವೆಂದೇ ಸಾರುತ್ತದೆ. ಐದು ವರ್ಷ ತುಂಬದ ಕೂಸು ಸಾಮಾನ್ಯವಾಗಿ ತಾಯಿಯ ಸುಪರ್ದಿನಲ್ಲಿರಬೇಕು. ಅದರಾಚೆಗೆ ವಯಸ್ಸು, ಶಾಲೆ, ಆರೋಗ್ಯ, ಒಡಹುಟ್ಟಿದವರ ಸಹವಾಸ ಇವುಗಳನ್ನೂ, ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ನ್ಯಾಯಾಧೀಶರು ವಿಚಾರಿಸುವರು. ಮಕ್ಕಳು ತಂದೆತಾಯಿಗಳ ಸೊತ್ತಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1973ರಷ್ಟು ಹಿಂದೆಯೇ ಸ್ಪಷ್ಟಪಡಿಸಿತು.

ಆದುದರಿಂದಲೇ ಸುಪರ್ದಿನ ಆಜ್ಞೆಗೆ ವಿಚ್ಛೇದನದ ಡಿಕ್ರಿಯಂತೆ ಕೊನೆಯೆಂಬುದಿಲ್ಲ. ಮಗು ಬೆಳೆದಂತೆ, ಮನೆಯ ಸ್ಥಿತಿ ಬದಲಾದಂತೆ, ಆ ಆಜ್ಞೆಯನ್ನು ಮಾರ್ಪಡಿಸಲು ಯಾವಾಗಲಾದರೂ ಕೇಳಬಹುದು. ಸುಪರ್ದು ಸಿಗದವನು ತಂದೆತನವನ್ನೇ ಕಳೆದುಕೊಂಡನೆಂದೂ ಅಲ್ಲ. ಭೇಟಿಯ ದಿನಗಳು ಅವನಿಗುಂಟು, ಮಗುವಿನ ಪೋಷಣೆಯ ಖರ್ಚೂ ಅವನಿಗೆ ತಪ್ಪದು. ಹಣ ಕೊಡುವುದಿಲ್ಲವೆಂದು ಮಗುವಿನ ಮುಖ ತೋರಿಸದಿರುವುದು, ಮುಖ ತೋರಿಸುವುದಿಲ್ಲವೆಂದು ಹಣ ತಡೆಯುವುದು, ಇವೆರಡೂ ನಾನು ಕಂಡಂತೆ ದೊಡ್ಡವರ ಜಗಳದ ಮುಂದುವರಿಕೆಯೇ.

ಜಮೀನುಳ್ಳ ಮನೆಗಳವರು ಇನ್ನೊಂದನ್ನು ಗಮನಿಸಬೇಕು. ಜಮೀನಿನ ಉತಾರದಲ್ಲಿ ಅಜ್ಞಾನ (ಅಪ್ರಾಪ್ತವಯಸ್ಕ) ಮಗುವಿನ ಹೆಸರಿನ ಮುಂದೆ ‘ಅ.ಪಾ.ಕ.’, ಎಂದರೆ ಅಜ್ಞಾನ ಪಾಲನಕರ್ತ, ಎಂದು ಬರೆದು ತಂದೆಯ ಹೆಸರು ಸೇರಿಸುವುದು ಬಹುಕಾಲದ ಪರಿಪಾಠ, ಏಕೆಂದರೆ 1956ರ ಕಾಯಿದೆಯು ತಂದೆಯನ್ನು ಮೊದಲು, ಅವನ ನಂತರ ತಾಯಿಯನ್ನು ಸಹಜ ಪಾಲಕರೆಂದು ಹೇಳುತ್ತದೆ. ಗೀತಾ ಹರಿಹರನ್ ಎಂಬ ಲೇಖಕಿ ಹೂಡಿದ ಅರ್ಜಿಯ ಮೇಲೆ 1999ರಲ್ಲಿ ಬಂದ ತೀರ್ಪು, ತಂದೆ ಜೀವಂತನಿದ್ದೂ ಮಗುವಿನ ಹೊಣೆಯನ್ನು ವಹಿಸದಿದ್ದಲ್ಲಿ ತಾಯಿಯೇ ಪಾಲಕಳಾಗಬಹುದೆಂದು ಆ ವಿಧಿಯನ್ನು ಅರ್ಥೈಸಿತು. ಪಾಲಕರು ಯಾರೇ ಇರಲಿ, ಮಗುವಿನ ಸ್ವಂತದ ಹೊಲವನ್ನು ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ.

ಇದುವರೆಗೆ ಹೇಳಿದುದು ಬಹುಮಟ್ಟಿಗೆ ಹಿಂದೂಗಳ ಮಾತು. ಸವಣೂರು, ಹಾನಗಲ್ಲುಗಳ ಮುಸಲ್ಮಾನ ಸೋದರಿಯರಿಗೆ 1939ರ ಶಾಸನವು ನ್ಯಾಯಾಲಯದ ಮೂಲಕ ಬಿಡುಗಡೆಯನ್ನು ಕೊಟ್ಟಿದೆ. ಒಂದೇ ಉಸುರಿನ ಮೂರು ತಲಾಖನ್ನು 2019ರ ಶಾಸನವು ನಿರರ್ಥಕವೂ ದಂಡಾರ್ಹವೂ ಆಗಿಸಿದೆ. ಮಕ್ಕಳ ವಿಷಯದಲ್ಲಿ ಅಲ್ಲಿಯೂ 1890ರ ಕಾಯಿದೆಯೇ ಆಶ್ರಯ.

ಇನ್ನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ. ಮದುವೆ ಎಲ್ಲಿಯೇ ನಡೆದಿರಲಿ, ಹೆಂಡತಿಯು ತಾನು ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿಯೇ ವಿಚ್ಛೇದನದ ಅರ್ಜಿ ಹಾಕಬಹುದೆಂದು 2003ರಲ್ಲಿ ತಿದ್ದುಪಡಿಯಾಯಿತು. ಪಾಲಕತ್ವದ ಅರ್ಜಿಯಾದರೋ ಮಗುವು ಸಾಮಾನ್ಯವಾಗಿ ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲತಕ್ಕದ್ದು. ಆದುದರಿಂದ ನಮ್ಮ ಚಿಕ್ಕೇರೂರಿನ ಅಜ್ಜನ ಮನೆಯಿಂದ ಶಾಲೆಗೆ ಹೋಗುವ ಹುಡುಗನನ್ನು ಕೇಳುವ ತಂದೆ, ಬೆಂಗಳೂರಿನಲ್ಲಿ ಎಷ್ಟೇ ದೊಡ್ಡ ಉದ್ಯೋಗದಲ್ಲಿರಲಿ, ಈಗಿನ ಜಿಲ್ಲಾಸ್ಥಳವಾದ ಹಾವೇರಿಗೆ ಬರಬೇಕು. ವಕೀಲರ ಖರ್ಚಿಗೆ ಹೆದರುವ ತಾಯಂದಿರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಲಿ. 1987ರ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ ಮಕ್ಕಳಿಗೂ ಉತ್ಪನ್ನದ ಮಿತಿಯಿಲ್ಲದೆ ಅಲ್ಲಿ ವಕೀಲರನ್ನು ನೇಮಿಸಿಕೊಡುತ್ತಾರೆ. ಹೋಗುವಾಗ ಪಂಚರ ಆ ಕಾಗದವನ್ನು ಹರಿದೊಗೆಯದೆ ಜೊತೆಗೆ ಒಯ್ಯಿರಿ: ಮದುವೆ ಮುರಿದುದಕ್ಕೆ ಅದು ಪ್ರಮಾಣವಾಗದಿದ್ದರೂ, ಎಂದಿನಿಂದ ಬೇರೆಯಾಗಿರುವಿರಿ, ಕೂಸು ಯಾರ ಕೈಯಲ್ಲಿ ಬೆಳೆಯಿತು ಎಂಬುದಕ್ಕೆ ಸಾಕ್ಷ್ಯವಾಗಿ ಒದಗಬಹುದು.